ಎಐ ಬರೆದ ಕೋಡಿಗೆ ಒಪ್ಪಿಗೆ ಕೊಡುವ ಮುನ್ನ ನೀವು ಏನನ್ನು ನೋಡುತ್ತೀರಿ?

ಪ್ರಶ್ನೆ: ತುಂಗೆಯ ದಡ

ಹನ್ನೆರಡು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ಊರಿಗೆ ಬಂದವನು ಕಂಪನಿಯ ಒಪ್ಪಿಗೆ ಪಡೆದು ಇಲ್ಲಿಯೇ ಉಳಿದುಕೊಂಡೆ. ಕಳೆದ ವರ್ಷದಿಂದ ನಮ್ಮಲ್ಲಿ ಎಐ ಸಹಾಯಕವನ್ನು ಬಳಸುವುದು ಕಡ್ಡಾಯವಾಗಿದೆ. ಯಾರು ಎಷ್ಟು ಬಳಸಿದರು ಎಂಬ ಪಟ್ಟಿ ಪ್ರತಿ ತಿಂಗಳು ಮ್ಯಾನೇಜರ್ ಕೈಸೇರುತ್ತದೆ. ಇದರ ಬಗ್ಗೆ ನನ್ನ ಮನಸ್ಸು ಎರಡು ಕಡೆಗೆ ಎಳೆಯುತ್ತಿದೆ. ಅದನ್ನು ಬಿಡಿಸಿ ಹೇಳಿ, ಇದೇ ಕಸುಬಿನಲ್ಲಿರುವ ನಿಮ್ಮ ಅಭಿಪ್ರಾಯ ಕೇಳಬೇಕೆಂದಿದ್ದೇನೆ.

ಮೊದಲು ಅದರಿಂದ ಆದ ಉಪಕಾರವನ್ನು ಹೇಳುತ್ತೇನೆ. ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಒಂದು ಲೈಬ್ರರಿಯ ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ನೂರಾರು ಕಡತಗಳನ್ನು ಬದಲಿಸುವಂಥ, ಬುದ್ಧಿಗಿಂತ ತಾಳ್ಮೆಯೇ ಹೆಚ್ಚು ಬೇಕಾದ ಕೆಲಸಗಳು ಈಗ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತವೆ. ಪ್ರೋಗ್ರಾಮಿನ ಲಾಗ್ ಕಡತದಲ್ಲಿ ಬಂದ ಅರ್ಥವಾಗದ ದೋಷವನ್ನು ಅಂಟಿಸಿ ಕೇಳಿದರೆ ಹತ್ತರಲ್ಲಿ ಏಳು ಸಲವಾದರೂ ಸರಿಯಾದ ದಿಕ್ಕು ಸಿಗುತ್ತದೆ. ಇಲ್ಲಿ ಒಬ್ಬನೇ ಕುಳಿತು ಕೆಲಸ ಮಾಡುವ ನನಗೆ, ಪಕ್ಕದ ಕುರ್ಚಿಯಲ್ಲಿ ಕೇಳಲು ಯಾರೂ ಇಲ್ಲ ಎಂಬ ಕೊರತೆಯನ್ನು ಅದು ಬಹುಮಟ್ಟಿಗೆ ನೀಗಿಸಿದೆ. ಇದನ್ನು ಮುಚ್ಚಿಟ್ಟು ಬರೀ ದೂರು ಹೇಳಿದರೆ ನಾನು ಪ್ರಾಮಾಣಿಕನಾಗುವುದಿಲ್ಲ.

ಇನ್ನೊಂದು ಕಡೆಗೆ ಎಳೆಯುತ್ತಿರುವುದು ಕಳೆದ ಜುಲೈನಲ್ಲಿ ನಡೆದ ಒಂದು ಘಟನೆ. ನಮ್ಮ ತಂಡದವರೊಬ್ಬರು ಎಐ ಏಜೆಂಟಿನಿಂದ ಬರೆಸಿದ ಸುಮಾರು ನಾನೂರು ಸಾಲುಗಳ ಪುಲ್ ರಿಕ್ವೆಸ್ಟ್ (ಕೋಡಿನ ಬದಲಾವಣೆಯನ್ನು ಸೇರಿಸಿಕೊಳ್ಳುವ ಕೋರಿಕೆ) ರಿವ್ಯೂಗೆಂದು ನನ್ನ ಬಳಿಗೆ ಬಂತು. ಪಾವತಿಯ ಗೇಟ್‌ವೇ (ಹಣ ಕಡಿತದ ಕೋರಿಕೆಯನ್ನು ಬ್ಯಾಂಕಿಗೆ ತಲುಪಿಸುವ ಸೇವೆ) ಉತ್ತರಿಸದಿದ್ದರೆ ಮೂರು ಸಲ ಮರುಪ್ರಯತ್ನ ಮಾಡುವ ಕೋಡ್ ಅದು. ಹೆಸರುಗಳು ಅಚ್ಚುಕಟ್ಟಾಗಿದ್ದವು, ಪ್ರತಿ ಫಂಕ್ಷನ್ನಿಗೂ ವಿವರಣೆ ಇತ್ತು, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟುಗಳೆಲ್ಲ ಹಸಿರಾಗಿದ್ದವು, ಅಂದರೆ ಪಾಸಾಗಿದ್ದವು. ಸಂಜೆ ಮಳೆ ಜೋರಾಗಿತ್ತು, ಕರೆಂಟು ಹೋಗಿ ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ಓಡುತ್ತಿತ್ತು. ನಾನು ಮೇಲಿನಿಂದ ಕೆಳಗೆ ಒಮ್ಮೆ ಓದಿ ಒಪ್ಪಿಗೆ ಕೊಟ್ಟೆ. ಎರಡು ದಿನಗಳ ನಂತರ ಕೆಲವು ಗ್ರಾಹಕರ ಖಾತೆಗಳಿಂದ ಒಂದೇ ಬಿಲ್ಲಿಗೆ ಎರಡೆರಡು ಸಲ ಹಣ ಕಡಿತವಾಗಿರುವುದು ಗೊತ್ತಾಯಿತು.

ಕಾರಣ ಒಂದೇ ಸಾಲು. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯೊಂದಿಗೆ ಕೋರಿಕೆ ಮತ್ತೊಮ್ಮೆ ಹೋದರೆ ಗೇಟ್‌ವೇ ಅದನ್ನು ಹೊಸ ಪಾವತಿ ಎಂದು ಎಣಿಸುವುದಿಲ್ಲ. ಈ ಕೋಡಿನಲ್ಲಿ ಆ ಸಂಖ್ಯೆಯನ್ನು ಹುಟ್ಟಿಸುವ ಸಾಲು ಲೂಪಿನ, ಅಂದರೆ ಮತ್ತೆ ಮತ್ತೆ ಓಡುವ ಭಾಗದ, ಒಳಗಿತ್ತು; ಹೊರಗಿರಬೇಕಿತ್ತು. ಹಾಗಾಗಿ ಪ್ರತಿ ಮರುಪ್ರಯತ್ನವೂ ಹೊಸ ಸಂಖ್ಯೆ ಹೊತ್ತು ಹೊಸ ಪಾವತಿಯಾಗಿಯೇ ಹೋಗುತ್ತಿತ್ತು. ಟೆಸ್ಟನ್ನು ಬರೆದದ್ದೂ ಅದೇ ಏಜೆಂಟ್. ಮೊದಲ ಕರೆ ಸೋತು ಎರಡನೆಯದು ಗೆದ್ದರೆ ಸಾಕು ಎಂದು ಅದು ಪರೀಕ್ಷಿಸಿತ್ತು; ಮೊದಲ ಪಾವತಿ ನಡೆದೇ ಹೋಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು ಎಂಬ ಸಾಧ್ಯತೆ ಆ ಟೆಸ್ಟಿನಲ್ಲಿ ಇರಲೇ ಇಲ್ಲ. ಹಣವನ್ನು ಮರಳಿಸಿದ್ದಾಯಿತು. ಆದರೆ ಹೀಗೇಕಾಯಿತು ಎಂದು ಸಭೆಯಲ್ಲಿ ಕೇಳಿದಾಗ, ಬರೆದವರಾಗಲಿ ಒಪ್ಪಿಗೆ ಕೊಟ್ಟ ನಾನಾಗಲಿ ಆ ಕೋಡನ್ನು ಬಾಯಿಬಿಟ್ಟು ವಿವರಿಸುವ ಸ್ಥಿತಿಯಲ್ಲಿರಲಿಲ್ಲ. ಅದೇ ಸಾಲನ್ನು ನಾನೇ ಟೈಪ್ ಮಾಡುತ್ತಿದ್ದರೆ ಲೂಪಿನ ಆವರಣ ತೆರೆಯುವಾಗಲೇ ಕೈ ತಡೆಯುತ್ತಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತಿದೆ.

ಅದೇ ತಿಂಗಳು ಟವರ್ ಕೆಟ್ಟು ಒಂದೂವರೆ ದಿನ ನೆಟ್‌ವರ್ಕ್ ಇರಲಿಲ್ಲ. ಕೋಡ್ ಲ್ಯಾಪ್‌ಟಾಪಿನಲ್ಲೇ ಇದ್ದುದರಿಂದ ಕೆಲಸ ಮುಂದುವರಿಸಲು ಕುಳಿತೆ. ಡೇಟಾಬೇಸಿನಿಂದ ದಾಖಲೆಗಳನ್ನು ಪುಟಪುಟವಾಗಿ ತರುವ ಒಂದು ಸಾಮಾನ್ಯ ಕ್ವೆರಿ, ಹಿಂದೆ ಎಷ್ಟೋ ಸಲ ಬರೆದದ್ದು. ಮೊದಲ ಪದ ಬರೆದು ಬೆರಳು ನಿಂತಿತು; ಪರದೆಯ ಮೇಲೆ ಎಐಯ ಬೂದು ಬಣ್ಣದ ಸಲಹೆ ಮೂಡುವುದನ್ನು ನಾನು ಕಾಯುತ್ತಿದ್ದೇನೆ ಎಂಬುದು ಆಗ ಅರಿವಿಗೆ ಬಂತು.

ನೀವು ಯಾವ ಕೆಲಸವನ್ನು ಎಐಗೆ ಕೊಡುತ್ತೀರಿ, ಯಾವುದನ್ನು ಕೊಡುವುದಿಲ್ಲ, ಮತ್ತು ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ಏನನ್ನು ಖಚಿತಪಡಿಸಿಕೊಳ್ಳುತ್ತೀರಿ? ಬಳಸಬೇಡಿ ಎಂಬ ಉತ್ತರ ನನಗೆ ಉಪಯೋಗಕ್ಕೆ ಬರುವುದಿಲ್ಲ. ಆ ಆಯ್ಕೆ ನನ್ನ ಕೈಯಲ್ಲಿಲ್ಲ, ಬೇಕೆಂದೂ ಅನ್ನಿಸುತ್ತಿಲ್ಲ.

ಉತ್ತರ: ಹಳೆ ಪೇಟೆ

ನಾನು ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷಗಳಿಂದ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೇನೆ. ನಾವು ಮೂರೇ ಜನ. ಎಐ ಬಳಸಿ ಎಂದು ಒತ್ತಾಯಿಸುವವರು ನಮಗೆ ಯಾರೂ ಇಲ್ಲ. ನಮ್ಮ ಇಷ್ಟದಿಂದಲೇ ಬಳಸುತ್ತಿದ್ದೇವೆ. ಹಾಗಾಗಿ ನನ್ನ ಅನುಭವ ನಿಮ್ಮದಕ್ಕಿಂತ ಸ್ವಲ್ಪ ಬೇರೆ.

ಅಡಿಕೆ ವಹಿವಾಟಿನ ಒಂದು ಸಂಘದಲ್ಲಿ ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಮ್ ಇನ್ನೂ ಓಡುತ್ತಿತ್ತು. ಬರೆದವರು ಊರು ಬಿಟ್ಟು ಬಹಳ ವರ್ಷಗಳಾಗಿದ್ದವು, ದಾಖಲೆ ಒಂದು ಹಾಳೆಯೂ ಇರಲಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ತರಗತಿಗಳಿಗೆ ಬರೀ ಒಂದಂಕಿಯ ಸಂಕೇತಗಳಿದ್ದವು. ಸದಸ್ಯರು ಪಡೆದ ಮುಂಗಡದ ಬಡ್ಡಿಯನ್ನು ಮೂರು ಕಡೆ ಮೂರು ರೀತಿಯಲ್ಲಿ ಲೆಕ್ಕ ಹಾಕಲಾಗಿತ್ತು. ಆ ಕೋಡನ್ನು ತುಂಡುತುಂಡಾಗಿ ಎಐಗೆ ಕೊಟ್ಟು, ಇದು ಏನು ಮಾಡುತ್ತಿದೆ ಎಂದು ಕೇಳುತ್ತಾ ಹೋದೆ. ಬರೆಯುವುದಕ್ಕಿಂತ ಓದುವುದರಲ್ಲಿ ಅದು ನನಗೆ ಹೆಚ್ಚು ನೆರವಾಗಿದೆ. ಓದಿದ್ದನ್ನು ಹಳೆಯ ರಸೀದಿಗಳ ಜೊತೆ ತಾಳೆ ನೋಡುವುದು ಸುಲಭ. ಮೊತ್ತ ಕೂಡಿದರೆ ಅರ್ಥ ಸರಿ, ಕೂಡದಿದ್ದರೆ ತಪ್ಪು.

ಆದರೆ ಸದಸ್ಯರ ಹೆಸರುಗಳನ್ನು ನುಡಿ ಫಾಂಟಿನ ಹಳೆಯ ಸಂಕೇತದಿಂದ ಈಗಿನ ಸಾಮಾನ್ಯ ಸಂಕೇತವಾದ ಯೂನಿಕೋಡಿಗೆ ಬದಲಿಸುವಾಗ ನಾನೂ ಎಡವಿದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಹಳೆಯ ನುಡಿ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆಯೇ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ಮೊದಲು ಬರುತ್ತದೆ. ಎಐ ಬರೆದುಕೊಟ್ಟ ಪರಿವರ್ತಕ ಈ ಸ್ಥಾನಪಲ್ಲಟ ಮಾಡಲಿಲ್ಲ. ತೀರ್ಥಹಳ್ಳಿ ‘ತೀಥರ್ಹಳ್ಳಿ’ ಆಯಿತು, ಮೂರ್ತಿ ‘ಮೂತಿರ್’ ಆಯಿತು. ಹಳೆಯ ಜಾಲತಾಣಗಳಲ್ಲಿ ‘ಕನಾರ್ಟಕ’ ಎಂದು ಕಾಣುವುದು ಇದೇ ದೋಷದಿಂದ. ತಪ್ಪು ತೋರಿಸಿದೆ, ಕ್ಷಮೆ ಕೇಳಿ ತಿದ್ದಿಕೊಟ್ಟಿತು. ತೀರ್ಥಹಳ್ಳಿಯೂ ಮೂರ್ತಿಯೂ ಸರಿಯಾದವು. ನಾನು ತೃಪ್ತನಾಗಿ ಪೂರ್ಣ ಪಟ್ಟಿಯನ್ನು ಓಡಿಸಿದೆ. ಮುದ್ರಿಸಿ ನೋಡುವಾಗ ಹೊಸನಗರ ಕಡೆಯ ಒಬ್ಬ ಸದಸ್ಯರ ಹೆಸರು ‘ಪಾಶ್ರ್ವನಾಥ’ ಎಂದಿತ್ತು. ತಿದ್ದಿದ ಕೋಡ್ ಅರ್ಕಾವತ್ತನ್ನು ಒಂದೇ ಒಂದು ವ್ಯಂಜನದಷ್ಟು ಹಿಂದಕ್ಕೆ ಸರಿಸುತ್ತಿತ್ತು. ಶಕಾರಕ್ಕೆ ವಕಾರದ ಒತ್ತು ಇರುವಲ್ಲಿ ಎರಡನ್ನೂ ದಾಟಿ ಹಿಂದೆ ಹೋಗಬೇಕು ಎಂಬುದು ಅದಕ್ಕೆ ಹೊಳೆದಿರಲಿಲ್ಲ. ಪಾರ್ಶ್ವನಾಥ ಎಂಬ ಹೆಸರನ್ನು ಬಲ್ಲವರು ಓದಿದರೆ ಮಾತ್ರ ಸಿಗುವ ತಪ್ಪು ಅದು. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರು ತಪ್ಪಾಗಿ ಅಚ್ಚಾದರೆ ಒಬ್ಬ ಹಿರಿಯ ಸದಸ್ಯರಿಗೆ ಏನನ್ನಿಸುತ್ತದೆ ಎಂಬುದು ಕೌಂಟರಿನಲ್ಲಿ ನಿಂತವರಿಗೆ ಗೊತ್ತು.

ಅಂದಿನಿಂದ ನನ್ನ ನಿಯಮ ಇಷ್ಟು. ಉತ್ತರ ಸರಿಯೋ ತಪ್ಪೋ ಎಂದು ನಾನೇ ಹೇಳಬಲ್ಲ ಕೆಲಸವನ್ನು ಮಾತ್ರ ಎಐಗೆ ಕೊಡುತ್ತೇನೆ. ಹೇಳಲಾರದ ಕೆಲಸವಾದರೆ ಮೊದಲು ನಾನು ಕಲಿಯುತ್ತೇನೆ, ಆಮೇಲೆ ಕೊಡುತ್ತೇನೆ. ಒಟ್ಟಾರೆಯಾಗಿ ನಾನು ಇದನ್ನು ಅಡಿಕೆ ಸುಲಿಯುವ ಯಂತ್ರದಂತೆಯೇ ಕಾಣುತ್ತೇನೆ. ಡಬ್ಬದ ಲೆಕ್ಕದಲ್ಲಿ ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದ ಕಾಲ ಹೋಯಿತು. ಯಂತ್ರ ಬಂತು, ಆದರೆ ಪೆಟ್ಟು ಬಿದ್ದ ಅಡಿಕೆಯನ್ನು ಆರಿಸಿ ತೆಗೆಯಲು ಕೈ ಈಗಲೂ ಬೇಕು.

ಉತ್ತರ: ಪರೀಕ್ಷಕ, ಸಾಗರ

ಮೇಲಿನವರ ನುಡಿ ಫಾಂಟಿನ ಉದಾಹರಣೆ ಅಮೂಲ್ಯವಾದುದು, ಆದರೆ ಸುಲಿಯುವ ಯಂತ್ರದ ಹೋಲಿಕೆಯನ್ನು ನಾನು ಒಪ್ಪಲಾರೆ. ನಮ್ಮ ಮನೆಯಲ್ಲೂ ಆ ಯಂತ್ರವಿದೆ. ಯಂತ್ರದ ಪೆಟ್ಟು ಬಿದ್ದ ಅಡಿಕೆ ನೋಡಿದೊಡನೆ ಬೇರೆಯಾಗಿ ಕಾಣುತ್ತದೆ, ಸುಲಿಯದೆ ಉಳಿದ ಕಾಯಂತೂ ಸಿಪ್ಪೆಯೊಂದಿಗೇ ಹೊರಬರುತ್ತದೆ. ಎಐ ಬರೆದ ತಪ್ಪು ಕೋಡ್ ಸರಿಯಾದ ಕೋಡಿನಷ್ಟೇ ಚೆನ್ನಾಗಿ ಕಾಣುತ್ತದೆ. ಮುಂದಿನ ಪದ ಯಾವುದಿರಬಹುದು ಎಂಬುದನ್ನು ಅಪಾರ ಪಠ್ಯದಿಂದ ಕಲಿತ ಮಾದರಿ ಅದು. ಸಹಜವಾಗಿ ಕಾಣುವಂತೆ ಬರೆಯುವುದೇ ಅದರ ಮೂಲ ಸಾಮರ್ಥ್ಯ. ಹಿಂದೆಲ್ಲ ಗೊಂದಲದ ಹೆಸರುಗಳು, ಅರ್ಧಕ್ಕೆ ಬಿಟ್ಟ ಟಿಪ್ಪಣಿಗಳು ಕಂಡಲ್ಲಿ ಬರೆದವರಿಗೂ ಸ್ಪಷ್ಟತೆ ಇರಲಿಲ್ಲ ಎಂದು ಊಹಿಸಿ ನಾವು ನಿಧಾನಿಸುತ್ತಿದ್ದೆವು. ಆ ಸುಳಿವುಗಳು ಈಗ ಇಲ್ಲ. ನೀವು ಆ ಸಂಜೆ ಮೋಸಹೋದದ್ದು ಸೋಮಾರಿತನದಿಂದಲ್ಲ, ಕೋಡಿನ ಅಚ್ಚುಕಟ್ಟುತನದಿಂದ.

ನಿಮ್ಮ ಎರಡು ಮನಸ್ಸು ನಿಮ್ಮೊಬ್ಬರದೇ ಅಲ್ಲ. ಡೆವಲಪರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2025ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 84ರಷ್ಟು ಮಂದಿ ಎಐ ಬಳಸುತ್ತಿದ್ದೇವೆ ಅಥವಾ ಬಳಸಲಿದ್ದೇವೆ ಎಂದರು. ಅದೇ ಸಮೀಕ್ಷೆಯಲ್ಲಿ ಅದರ ಉತ್ತರಗಳ ನಿಖರತೆಯನ್ನು ನಂಬುವವರು ಶೇ 33, ನಂಬದವರು ಶೇ 46. ಶೇ 66ರಷ್ಟು ಮಂದಿ ಹೇಳಿಕೊಂಡ ಬೇಸರವೆಂದರೆ, ಬಂದ ಉತ್ತರ ಹೆಚ್ಚುಕಡಿಮೆ ಸರಿಯಿರುತ್ತದೆ, ಪೂರ್ತಿ ಸರಿಯಿರುವುದಿಲ್ಲ ಎಂಬುದು. ಲೂಪಿನ ಒಳಗಿದ್ದ ನಿಮ್ಮ ಒಂದು ಸಾಲು ಅಂಥದೇ.

ವೇಗದ ವಿಷಯದಲ್ಲೂ ಎಚ್ಚರ ಬೇಕು. ಎಐ ಮಾದರಿಗಳನ್ನು ಅಳೆದು ನೋಡುವ ಮೆಟರ್ (METR) ಎಂಬ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಮಂದಿ ಅನುಭವಿ ಓಪನ್ ಸೋರ್ಸ್ ಡೆವಲಪರುಗಳು ತಮಗೆ ಚೆನ್ನಾಗಿ ಗೊತ್ತಿರುವ ಕೋಡಿನ ಮೇಲೆಯೇ 246 ಕೆಲಸಗಳನ್ನು ಮಾಡಿದರು; ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಕೆಲಸಕ್ಕೆ ಮೊದಲು ಅವರು ಶೇ 24ರಷ್ಟು ಸಮಯ ಉಳಿಯಬಹುದು ಎಂದಿದ್ದರು, ಮುಗಿದ ಮೇಲೂ ಶೇ 20ರಷ್ಟು ಉಳಿಯಿತು ಎಂದೇ ನಂಬಿದ್ದರು. ಅಳೆದು ನೋಡಿದರೆ ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಅದು 2025ರ ಆರಂಭದ ಉಪಕರಣಗಳ ಮಾತು, ಭಾಗವಹಿಸಿದವರೂ ಕಡಿಮೆ. ಎಲ್ಲ ಕೆಲಸಕ್ಕೂ ಅದನ್ನು ಅನ್ವಯಿಸುವುದು ತಪ್ಪಾಗುತ್ತದೆ. ನಾನು ಅದರಿಂದ ತೆಗೆದುಕೊಂಡಿರುವುದು ಒಂದೇ ವಿಷಯ: ಬೇಗ ಮುಗಿಯಿತು ಎಂಬ ನಮ್ಮ ಅನಿಸಿಕೆಯನ್ನು ಗಡಿಯಾರದ ಬದಲಿಗೆ ಇಟ್ಟುಕೊಳ್ಳಬಾರದು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೋಡ್ ಬರೆದ ಏಜೆಂಟಿನಿಂದಲೇ ಟೆಸ್ಟ್ ಬರೆಸುವುದನ್ನು ನಮ್ಮ ತಂಡದಲ್ಲಿ ನಿಲ್ಲಿಸಿದ್ದೇವೆ. ಕೋಡಿನಲ್ಲಿರುವ ತಪ್ಪು ತಿಳಿವಳಿಕೆಯೇ ಟೆಸ್ಟಿನಲ್ಲೂ ಇರುತ್ತದೆ, ಎರಡೂ ಪರಸ್ಪರ ಹೊಂದಿಕೊಂಡು ಹಸಿರು ದೀಪ ಬೆಳಗುತ್ತದೆ. ರಿವ್ಯೂ ಮಾಡುವವರು ಪುಲ್ ರಿಕ್ವೆಸ್ಟ್ ತೆರೆಯುವ ಮೊದಲೇ, ಇಲ್ಲಿ ಏನೇನು ಕೆಡಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು: ಉತ್ತರ ತಡವಾಗಿ ಬಂದರೆ, ಎರಡು ಸಲ ಬಂದರೆ, ಮಧ್ಯದಲ್ಲಿ ಪ್ರೋಗ್ರಾಮ್ ನಿಂತರೆ, ಹೆಸರು ಕನ್ನಡದಲ್ಲಿದ್ದರೆ. ಕೋಡ್ ನೋಡಿದ ಮೇಲೆ ಬರೆಯಲು ಕುಳಿತರೆ ಅದು ತೋರಿಸಿದ ದಾರಿಯಲ್ಲೇ ನಮ್ಮ ಯೋಚನೆ ಹೋಗುತ್ತದೆ. ಆ ಹಾಳೆ ಇದ್ದಿದ್ದರೆ, ಉತ್ತರ ದಾರಿಯಲ್ಲಿ ಕಳೆದುಹೋಗುವ ಸಾಧ್ಯತೆಯನ್ನು ಮಲೆನಾಡಿನ ನೆಟ್‌ವರ್ಕ್ ಬಳಸುವ ನೀವು ಮೊದಲ ಸಾಲಿನಲ್ಲೇ ಬರೆಯುತ್ತಿದ್ದಿರಿ. ಹಾಗೆಯೇ ನಾನೂರು ಸಾಲುಗಳ ಪುಲ್ ರಿಕ್ವೆಸ್ಟನ್ನು ಒಂದೇ ಬಾರಿಗೆ ಸ್ವೀಕರಿಸಬೇಡಿ. ಬರೆಯುವುದಕ್ಕೆ ಹತ್ತು ನಿಮಿಷ ಸಾಕಾಯಿತು ಎಂಬ ಕಾರಣಕ್ಕೆ ಓದುವುದಕ್ಕೂ ಹತ್ತು ನಿಮಿಷ ಸಾಕಾಗುವುದಿಲ್ಲ.

ಉತ್ತರ: ಶರಾವತಿ ಕಣಿವೆ

ನಾನು ತಂಡವೊಂದನ್ನು ನೋಡಿಕೊಳ್ಳುವವನು, ಆ ತಿಂಗಳ ಪಟ್ಟಿಯನ್ನು ಪಡೆಯುವವರ ಕಡೆಯವನು. ಮನುಷ್ಯರೇ ಬರೆದ ಕೋಡಿನಲ್ಲೂ ಇಂಥ ತಪ್ಪುಗಳಾಗಿವೆ. ಎರಡು ಸಲ ಹಣ ಕಡಿತವಾಗುವ ದೋಷವನ್ನು ಎಐ ಬರುವ ಮೊದಲೂ ನಾನು ನೋಡಿದ್ದೇನೆ. ಹಾಗಾಗಿ ಇಡೀ ಹೊಣೆಯನ್ನು ಉಪಕರಣದ ಮೇಲೆ ಹೊರಿಸುವುದು ನ್ಯಾಯವಲ್ಲ. ಬಳಕೆಯನ್ನು ಎಣಿಸುವುದು ಮಾತ್ರ ತಪ್ಪು ಅಳತೆ ಎಂಬುದನ್ನು ಒಪ್ಪುತ್ತೇನೆ. ನಮ್ಮಲ್ಲಿ ಆ ಎಣಿಕೆಯನ್ನು ಕೈಬಿಟ್ಟು, ಬಿಡುಗಡೆಯಾದ ಬದಲಾವಣೆಗಳಲ್ಲಿ ಎಷ್ಟನ್ನು ಹಿಂತೆಗೆದುಕೊಳ್ಳಬೇಕಾಯಿತು ಎಂಬುದನ್ನು ನೋಡಲು ಶುರುಮಾಡಿದ್ದೇವೆ. ನಿಮ್ಮ ಮ್ಯಾನೇಜರ್ ಬಳಿ ಇದನ್ನೇ ಕೇಳಿ ನೋಡಿ.

ಉತ್ತರ: ಹೊಸನಗರದ ಹುಡುಗಿ

ನಾನು 2024ರಲ್ಲಿ ಶಿವಮೊಗ್ಗದಲ್ಲಿ ಬಿಇ ಮುಗಿಸಿದೆ. ಈಗ ಬೆಂಗಳೂರಿನಲ್ಲಿ ಮೊದಲ ಕೆಲಸದಲ್ಲಿದ್ದೇನೆ. ನಿಮ್ಮೆಲ್ಲರ ಮಾತು ಓದಿ, ನನ್ನಂಥ ಹೊಸಬರ ಸ್ಥಿತಿಯನ್ನೂ ಹೇಳಬೇಕೆನ್ನಿಸಿತು.

ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಸಭೆಯಲ್ಲಿ ಯಾವುದಾದರೂ ಪದ ಅರ್ಥವಾಗದಿದ್ದರೆ ಕೇಳಲು ಹೆದರುತ್ತಿದ್ದೆ. ಈಗ ಸಭೆ ಮುಗಿದ ಮೇಲೆ ಎಐಗೆ ಕನ್ನಡದಲ್ಲೇ ಕೇಳುತ್ತೇನೆ. ಒಂದೇ ವಿಷಯವನ್ನು ಐದು ಸಲ ಕೇಳಿದರೂ ಅದು ಬೇಸರಿಸುವುದಿಲ್ಲ, ಇಷ್ಟೂ ಗೊತ್ತಿಲ್ಲವೇ ಎನ್ನುವುದಿಲ್ಲ. ಇದು ನನಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಇಂಗ್ಲಿಷಿನಲ್ಲೇ ಓದಿಕೊಂಡು ಬಂದವರಿಗೆ ವಿವರಿಸುವುದು ಕಷ್ಟ.

ಆದರೆ ನಾನು ಕಲಿಯುತ್ತಿದ್ದೇನೆಯೇ ಎಂಬುದು ನನಗೆ ಗೊತ್ತಾಗುತ್ತಿಲ್ಲ. ಕಳೆದ ತಿಂಗಳು ನನ್ನ ಕೋಡನ್ನು ನೋಡಿದ ಹಿರಿಯರೊಬ್ಬರು, ಇಲ್ಲಿ ಲಿಸ್ಟ್ (ಸಾಲಾಗಿ ಜೋಡಿಸಿಟ್ಟ ಪಟ್ಟಿ) ಬದಲು ಮ್ಯಾಪ್ (ಹೆಸರು ಕೊಟ್ಟರೆ ನೇರವಾಗಿ ಸಿಗುವ ಜೋಡಣೆ) ಏಕೆ ಬಳಸಿದಿರಿ ಎಂದು ಕೇಳಿದರು. ಪ್ರಶ್ನೆ ಸರಳವಾಗಿತ್ತು, ಕೋಡ್ ಸರಿಯಾಗಿಯೇ ಇತ್ತು. ಆದರೂ ನನ್ನಲ್ಲಿ ಉತ್ತರ ಇರಲಿಲ್ಲ, ಏಕೆಂದರೆ ಆ ನಿರ್ಧಾರ ನನ್ನದಾಗಿರಲಿಲ್ಲ. ಮ್ಯಾಪಿನಲ್ಲಿ ಹುಡುಕಾಟ ಏಕೆ ಬೇಗ ಆಗುತ್ತದೆ ಎಂದು ಕಾಲೇಜಿನ ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಅದು ಆ ಹೊತ್ತಿಗೆ ನೆನಪಿಗೂ ಬರಲಿಲ್ಲ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನೀವು ಹಿರಿಯರು ಲೂಪಿನ ಒಳಗಿನ ಆ ಸಾಲನ್ನು ಗುರುತಿಸಬಲ್ಲಿರಿ, ಏಕೆಂದರೆ ಹಿಂದೆ ಎಂದೋ ನೀವೇ ಅಂಥ ತಪ್ಪು ಮಾಡಿ, ತಿದ್ದಿ, ಕಲಿತಿದ್ದೀರಿ. ಹೊಸಬರಿಗೆಂದು ಹಿಂದೆ ಎತ್ತಿಡುತ್ತಿದ್ದ ಸಣ್ಣ ಸಣ್ಣ ಬಗ್‌ಗಳು ನಮ್ಮ ತಂಡದಲ್ಲಿ ಈಗ ನೇರವಾಗಿ ಏಜೆಂಟಿಗೆ ಹೋಗುತ್ತಿವೆ. ತಪ್ಪು ಮಾಡಿ ಕಲಿಯುವ ಅವಕಾಶ ನನಗೆ ಎಲ್ಲಿ ಸಿಗಬೇಕು? ಸದ್ಯಕ್ಕೆ ದಿನವೂ ಬೆಳಿಗ್ಗೆ ಒಂದು ಗಂಟೆ ಎಐ ಇಲ್ಲದೆ ಬರೆಯುತ್ತಿದ್ದೇನೆ. ಅಷ್ಟು ಸಾಕೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಪ್ರಶ್ನೆ ಕೇಳಿದವರ ಉತ್ತರ: ತುಂಗೆಯ ದಡ

ಎಲ್ಲರಿಗೂ ಕೃತಜ್ಞತೆಗಳು. ಪರೀಕ್ಷಕರು ಹೇಳಿದ ಹಾಳೆಯನ್ನು ಈ ವಾರ ಪ್ರಯತ್ನಿಸಿದೆ. ಅದೇ ಮರುಪ್ರಯತ್ನದ ಕೋಡನ್ನು ತೆರೆಯದೆ, ಏನೇನು ಕೆಡಬಹುದು ಎಂದು ಬರೆಯಲು ಕುಳಿತೆ. ಹನ್ನೊಂದು ಅಂಶಗಳಾದವು. ಆಮೇಲೆ ಕೋಡ್ ತೆರೆದು ಒಂದೊಂದನ್ನೇ ನೋಡಿದಾಗ, ಮೂರು ಮರುಪ್ರಯತ್ನಗಳ ಮಧ್ಯದಲ್ಲಿ ಸರ್ವರ್ ನಿಂತುಹೋದರೆ ಗುರುತಿನ ಸಂಖ್ಯೆ ಎಲ್ಲಿಯೂ ಉಳಿಯುವುದಿಲ್ಲ ಎಂಬ ಎರಡನೆಯ ದೋಷ ಸಿಕ್ಕಿತು. ಜುಲೈನಲ್ಲಿ ನಾವು ತಿದ್ದಿದ್ದು ಮೊದಲನೆಯದನ್ನು ಮಾತ್ರ. ಎರಡನೆಯದು ಅಂದಿನಿಂದಲೂ ಅಲ್ಲೇ ಇತ್ತು. ಆ ಭಾಗವನ್ನು ಎರಡು ದಿನ ತೆಗೆದುಕೊಂಡು ನಾನೇ ಕೈಯಾರೆ ಬರೆದೆ: ಸಂಖ್ಯೆಯನ್ನು ಮೊದಲು ಡೇಟಾಬೇಸಿನಲ್ಲಿ ಉಳಿಸಿ, ನಂತರವೇ ಗೇಟ್‌ವೇಗೆ ಕರೆ. ಟೆಸ್ಟುಗಳ ಚೌಕಟ್ಟನ್ನು ಮಾತ್ರ ಎಐಯಿಂದ ಬರೆಸಿ, ಯಾವ ಸಂದರ್ಭಗಳನ್ನು ಪರೀಕ್ಷಿಸಬೇಕು ಎಂಬುದನ್ನು ನನ್ನ ಹಾಳೆಯಿಂದ ಕೊಟ್ಟೆ. ಆ ಚೌಕಟ್ಟಿನ ಕೆಲಸದಲ್ಲಿ ಅದು ನಿಜಕ್ಕೂ ಅರ್ಧ ದಿನ ಉಳಿಸಿತು.

ಶರಾವತಿ ಕಣಿವೆಯವರ ಸಲಹೆಯಂತೆ, ಬಳಕೆಯ ಎಣಿಕೆಯ ಬದಲು ಹಿಂತೆಗೆದ ಬದಲಾವಣೆಗಳನ್ನು ಎಣಿಸಬಹುದೇ ಎಂದು ಮ್ಯಾನೇಜರಿಗೆ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಈ ತಿಂಗಳ ಪಟ್ಟಿಯಲ್ಲಿ ನನ್ನ ಅಂಕಿ ಇಳಿದಿರುತ್ತದೆ. ಕೇಳಿದರೆ ಆ ಎರಡನೆಯ ದೋಷವನ್ನು ತೋರಿಸುತ್ತೇನೆ.

ಹೊಸನಗರದ ತಂಗಿಗೆ: ಬೆಳಗಿನ ಆ ಒಂದು ಗಂಟೆಯನ್ನು ಬಿಡಬೇಡಿ, ಆದರೆ ಒಬ್ಬರೇ ಮಾಡಬೇಡಿ. ನೀವು ಬರೆದದ್ದನ್ನು ಓದಿ, ಇದು ಏಕೆ ಹೀಗೆ ಎಂದು ಕೇಳುವ ಮನುಷ್ಯರು ಬೇಕು. ನಮ್ಮ ತಂಡದ ಇಬ್ಬರು ಹೊಸಬರಿಗಾಗಿ ಪ್ರತಿ ಸ್ಪ್ರಿಂಟಿನಲ್ಲಿ (ಕೆಲವು ವಾರಗಳ ಕೆಲಸದ ಸುತ್ತಿನಲ್ಲಿ) ನಾಲ್ಕು ಸಣ್ಣ ಬಗ್‌ಗಳನ್ನು ಏಜೆಂಟಿಗೆ ಕೊಡದೆ ಎತ್ತಿಡಲು ಈ ವಾರದಿಂದ ಶುರುಮಾಡಿದ್ದೇನೆ. ನಿಮ್ಮ ತಂಡದಲ್ಲೂ ಹಾಗೆ ಕೇಳಿಕೊಳ್ಳಿ. ಕೊಡದಿದ್ದರೆ, ಕಂಪನಿಯ ಕೋಡ್ ಬೇಡ, ನೀವು ಬೆಳಗಿನ ಹೊತ್ತು ಅಭ್ಯಾಸಕ್ಕೆಂದು ಬರೆದದ್ದನ್ನು ನನಗೆ ಕಳುಹಿಸಿ. ಶನಿವಾರ ಹತ್ತು ಗಂಟೆಗೆ ವಿಡಿಯೊದಲ್ಲಿ ಕುಳಿತು ಓದೋಣ. ಆ ದಿನ ಇಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ತೀರ್ಥಹಳ್ಳಿ ಪೇಟೆಗೆ ಬಂದು ಕರೆ ಮಾಡುತ್ತೇನೆ.